ಬಾಯ್ಲರ್ ರೂಮಿನ ಧೂಳಿಗೆ ಲೆಕ್ಕ ಇಟ್ಟವರು ಯಾರು? ರಕ್ಷಣಾ ಸಚಿವರಿಗೆ ಹಳೆಯ ಸ್ಟೋಕರ್‌ನ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ,

ಅಂಕೋಲೆಯಿಂದ ನಮಸ್ಕಾರಗಳು.

ನಾನು ನೌಕಾಪಡೆಯಿಂದ ನಿವೃತ್ತನಾದ ಸ್ಟೋಕರ್. ಕಾಗದದಲ್ಲಿ ನನ್ನ ಹುದ್ದೆಗೆ ಬೇರೆ ಉದ್ದನೆಯ ಹೆಸರಿತ್ತು. ಆದರೆ ಹಡಗಿನಲ್ಲಿ ಬಾಯ್ಲರ್, ಎಂಜಿನ್ ನೋಡಿಕೊಳ್ಳುವವರನ್ನು ಎಲ್ಲರೂ ಸ್ಟೋಕರ್ ಅಂತಲೇ ಕರೆಯುತ್ತಿದ್ದರು. 1981ರಲ್ಲಿ ಸೇರಿದೆ. ಚಿಲ್ಕಾದಲ್ಲಿ ಮೊದಲ ತರಬೇತಿ, ಆಮೇಲೆ ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ಯಂತ್ರದ ಪಾಠ. 15 ವರ್ಷ ಮುಗಿಸಿ 1996ರಲ್ಲಿ ಪೆನ್ಷನ್ ಬುಕ್ಕು ಹಿಡಿದು ಊರಿಗೆ ಬಂದೆ.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕೈಗೆ ಅರ್ಜಿಯ ಭಾಷೆ ಬಂದುಬಿಡುತ್ತದೆ. ಹೇಳಬೇಕಾದ್ದು ಹಾಗೇ ಉಳಿದುಹೋಗುತ್ತದೆ. ತರ್ಜುಮೆ ಮಾಡುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಇನ್ನೊಂದು ಕಾರಣವೂ ಇದೆ. ಕಾರವಾರದಲ್ಲಿ ಕದಂಬ ನೌಕಾನೆಲೆ ಬಂದ ಮೇಲೆ ನಮ್ಮ ಜಿಲ್ಲೆಯ ಹುಡುಗರಿಗೆ ನೇವಿ ಅಂದರೆ ಕಣ್ಣೆದುರಿನ ಕನಸು. ಅವರೂ, ಅವರ ಅಪ್ಪ ಅಮ್ಮಂದಿರೂ ಇದನ್ನು ಓದಲಿ ಅಂತ ಆಸೆ.

ಮೊದಲು ಬಾಯ್ಲರ್ ರೂಮು ಹೇಗಿರುತ್ತಿತ್ತು ಅಂತ ಹೇಳುತ್ತೇನೆ.

ನಾನಿದ್ದದ್ದು ಉಗಿಯಿಂದ ಓಡುವ ಹಡಗು. ಹೆಸರು ಬೇಡ, ನನ್ನ ತಕರಾರು ಆ ಹಡಗಿನ ಮೇಲಿಲ್ಲ. ಆ ಕಾಲದ ಉಗಿ ಹಡಗುಗಳೆಲ್ಲ ಒಂದೇ ಜಾತಿ. 400 ಡಿಗ್ರಿ ದಾಟಿದ ಉಗಿ ಪೈಪುಗಳಲ್ಲಿ ಓಡುತ್ತಿರುತ್ತದೆ. ಬರಿಗೈ ತಾಗಿದರೆ ಚರ್ಮ ಪೈಪಿಗೇ ಅಂಟಿಕೊಳ್ಳುತ್ತದೆ. ಅದಕ್ಕೇ ಪೈಪಿನ ಸುತ್ತ ದಪ್ಪನೆಯ ಹೊದಿಕೆ. ಲ್ಯಾಗಿಂಗ್ ಅನ್ನುತ್ತಿದ್ದೆವು. ಆ ಹೊದಿಕೆಯೊಳಗೆ ಇರುತ್ತಿದ್ದದ್ದು ಕಲ್ನಾರು. ಅಸ್ಬೆಸ್ಟಾಸ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೆಂಕಿಗೆ ಜಗ್ಗುವುದಿಲ್ಲ, ಉಪ್ಪು ನೀರಿಗೆ ಕೊಳೆಯುವುದಿಲ್ಲ, ಬೆಲೆಯೂ ಕಡಿಮೆ. ಹಡಗು ಕಟ್ಟುವವರಿಗೆ ಇನ್ನೇನು ಬೇಕು?

ವಾಲ್ವ್ ಸೋರಿದರೆ ಲ್ಯಾಗಿಂಗ್ ಕಿತ್ತು ತೆಗೆಯಬೇಕು. ಹಳೆಯ ಗ್ಯಾಸ್ಕೆಟ್ ಕೆರೆಯಬೇಕು. ಕೆರೆದದ್ದನ್ನು ಗುಡಿಸಬೇಕು. ರಿಫಿಟ್, ಅಂದರೆ ಹಡಗಿನ ದೊಡ್ಡ ದುರಸ್ತಿ, ಬಂತೆಂದರೆ ತಿಂಗಳುಗಟ್ಟಲೆ ಇದೇ ಕೆಲಸ. ಫ್ಯಾನಿನ ಗಾಳಿಗೆ ಬಿಳಿ ಎಳೆಗಳು ಹಾರಾಡುತ್ತಿದ್ದವು. ಬೇಸಿಗೆಯಲ್ಲಿ ಬೂರುಗದ ಕಾಯಿ ಒಡೆದು ಹಿತ್ತಲ ತುಂಬ ಹತ್ತಿ ಹಾರುತ್ತದಲ್ಲ, ಹಾಗೆ. ಮೂಗಿಗೆ ಕರ್ಚೀಫು ಕಟ್ಟಿಕೊಳ್ಳುತ್ತಿದ್ದೆವು. ಆ ಸೆಕೆಯಲ್ಲಿ ಅದನ್ನೂ ಸ್ವಲ್ಪ ಹೊತ್ತಿಗೆ ಕಿತ್ತು ಜೇಬಿಗೆ ತುರುಕುತ್ತಿದ್ದೆವು. ಲ್ಯಾಗಿಂಗ್ ತುಂಡನ್ನು ಉಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆದು ಆಡಿದ್ದೂ ಇದೆ. ಇಪ್ಪತ್ತರ ವಯಸ್ಸು, ಯಾರೂ ಬೇಡ ಅನ್ನಲಿಲ್ಲ. ಮಲಗುವ ಜಾಗದ ತಲೆಯ ಮೇಲೂ ಅದೇ ಸುತ್ತಿದ ಪೈಪು. ಸಮುದ್ರ ಎದ್ದಾಗ, ತೋಪು ಹಾರಿಸಿದಾಗ, ಬೆಳಗ್ಗೆ ದಿಂಬಿನ ಮೇಲೆ ಬಿಳಿ ಪುಡಿ.

ಅದು ಕಲ್ನಾರು ಅಂತ ನಮಗೆ ಗೊತ್ತಿತ್ತು. ಅದು ಎದೆಯೊಳಗೆ ಹೋಗಿ ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ.

ನನಗಿಂತ ಎರಡು ವರ್ಷ ಸೀನಿಯರ್ ಒಬ್ಬರಿದ್ದರು. ನಮ್ಮ ಕಡೆಯವರೇ, ಕುಮಟಾ ತಾಲೂಕು. ಹೆಸರು ಹಾಕಬೇಡ ಅಂತ ಮನೆಯವರು ಕೇಳಿಕೊಂಡಿದ್ದಾರೆ. ಅಣ್ಣ ಅಂತಲೇ ಬರೆಯುತ್ತೇನೆ, ಬದುಕಿದ್ದಾಗಲೂ ಹಾಗೇ ಕರೆದದ್ದು. ಮುಂಬಯಿಯಲ್ಲಿ ಕನ್ನಡ ಮಾತಾಡಲು ಸಿಕ್ಕ ಮೊದಲ ಮನುಷ್ಯ ಅವರು. ನನಗೆ ಬಾಯ್ಲರ್ ಹಚ್ಚಲು ಕಲಿಸಿದವರೂ ಅವರೇ. 1994ರಲ್ಲಿ ಊರಿಗೆ ಬಂದರು. ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆದರು. ನಾಲ್ಕು ಗುಂಟೆ ಜಾಗದಲ್ಲಿ ತೆಂಗು, ಬಾಳೆ. ದಿನಾ ಬೆಳಗ್ಗೆ ಮೂರು ಕಿಲೋಮೀಟರು ನಡೆಯುತ್ತಿದ್ದರು.

2018ರ ಮಳೆಗಾಲದಲ್ಲಿ ದಮ್ಮು ಶುರುವಾಯಿತು. ಎದೆಯಲ್ಲಿ ನೀರು ತುಂಬಿದೆ ಅಂದರು. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ಅಂದರೆ ಮೊದಲ ಅನುಮಾನ ಟಿಬಿ. ಆರು ತಿಂಗಳು ಟಿಬಿ ಮಾತ್ರೆ ನುಂಗಿದರು. ನೀರು ತೆಗೆದಷ್ಟೂ ಮತ್ತೆ ತುಂಬುತ್ತಿತ್ತು. ಕೊನೆಗೆ ಮಂಗಳೂರಿಗೆ ಕರೆದುಕೊಂಡು ಹೋದೆವು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನ ನಾನೂ ಜೊತೆಗಿದ್ದೆ. ಡಾಕ್ಟರು ಕಾಗದ ಓದಿ ತಲೆ ಎತ್ತಿ ಕೇಳಿದರು, "ನೀವು ಅಸ್ಬೆಸ್ಟಾಸ್ ಶೀಟು ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ರಾ?"

"ಇಲ್ಲ ಸಾರ್, ನೇವಿ" ಅಂದರು ಅಣ್ಣ.

"ಎಂಜಿನ್ ರೂಮಾ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. 24 ವರ್ಷದ ಹಿಂದೆ ಇಳಿದು ಬಂದ ಹಡಗು ಆ ಕೋಣೆಯೊಳಗೆ ಬಂದು ನಿಂತ ಹಾಗಾಯಿತು.

ಕಾಯಿಲೆಯ ಹೆಸರು ಮೆಸೊಥೆಲಿಯೋಮಾ. ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್. ಈ ಕ್ಯಾನ್ಸರಿಗೆ ಮುಖ್ಯ ಕಾರಣವೇ ಕಲ್ನಾರಿನ ಎಳೆ ಅಂತ ಜಗತ್ತಿನ ವೈದ್ಯರೆಲ್ಲ ಒಪ್ಪಿದ್ದಾರೆ. ಅಣ್ಣ ಒಂದು ಕಾಲದಲ್ಲಿ ಬೀಡಿ ಸೇದುತ್ತಿದ್ದರು, ಮುಚ್ಚಿಡುವುದಿಲ್ಲ. ಬೀಡಿ, ಸಿಗರೇಟು ಸೇದುವವನು ಕಲ್ನಾರಿನ ಧೂಳನ್ನೂ ಕುಡಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತದೆ. ಆದರೆ ಮೆಸೊಥೆಲಿಯೋಮಾಕ್ಕೂ ಬೀಡಿಗೂ ಸಂಬಂಧ ಇಲ್ಲ. ಅದು ಸೀದಾ ಆ ಬಿಳಿ ಎಳೆಯ ಕೆಲಸ. ಎಳೆ ಒಳಗೆ ಹೋದ ಮೇಲೆ ಸುಮ್ನೆ ಕೂತಿರುತ್ತದೆ. 20 ವರ್ಷ, 30 ವರ್ಷ, ಕೆಲವರಲ್ಲಿ 50 ವರ್ಷ. ಆಮೇಲೆ ಏಳುತ್ತದೆ.

ಅಣ್ಣ ಹನ್ನೊಂದು ತಿಂಗಳು ಬದುಕಿದರು. ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡು ಇದ್ದದ್ದರಿಂದ ಚಿಕಿತ್ಸೆಯ ಖರ್ಚು ನಡೆಯಿತು. ಇದನ್ನು ಹೇಳದಿದ್ದರೆ ನನ್ನದೇ ತಪ್ಪಾಗುತ್ತದೆ.

ಅಂಗವೈಕಲ್ಯ ಪೆನ್ಷನ್‌ಗೆ ಅರ್ಜಿ ಹಾಕಿಸಿದವನು ನಾನೇ. ಅವರು ಬದುಕಿದ್ದಾಗಲೇ ಉತ್ತರ ಬಂತು, ಬೇಗನೇ ಬಂತು. ಯಾವ ಕಚೇರಿ ಅಂತ ಇಲ್ಲಿ ಬೇಡ. ಸಾರಾಂಶ ಎರಡು ಸಾಲು. ಸೇವೆಯಿಂದ ಬಿಡುಗಡೆಯಾದಾಗ ಈ ಕಾಯಿಲೆ ಇರಲಿಲ್ಲ. ಸೇವೆಯಲ್ಲಿ ಇಂಥ ವಸ್ತುವಿನ ಸಂಪರ್ಕಕ್ಕೆ ಬಂದ ಬಗ್ಗೆ ದಾಖಲೆ ಇಲ್ಲ.

ಎರಡೂ ನಿಜವೇ, ಸ್ವಾಮಿ. ಅಲ್ಲಿಗೇ ನಾನು ಬರುತ್ತಿರುವುದು.

ನಮ್ಮ ಸೇವಾ ದಾಖಲೆಯಲ್ಲಿ ಏನೆಲ್ಲ ಇದೆ ಗೊತ್ತಾ? ನನ್ನ ಯಾವ ಹಲ್ಲನ್ನು ಯಾವ ತಾರೀಕು ಕಿತ್ತರು ಅಂತ ಇದೆ. ಎಷ್ಟು ಇಂಜೆಕ್ಷನ್ ಚುಚ್ಚಿದರು ಅಂತ ಇದೆ. ಒಮ್ಮೆ ರಜೆ ಮುಗಿಸಿ ಆರು ಗಂಟೆ ತಡವಾಗಿ ಹಡಗು ಹತ್ತಿದ್ದು ಇದೆ. ಯಾವ ಹಡಗಿನಲ್ಲಿ ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಇದ್ದೆ ಅಂತಲೂ ಇದೆ. ಆ ಹಡಗಿನ ಬಾಯ್ಲರ್ ರೂಮಿನಲ್ಲಿ ನಾನು ಏನನ್ನು ಉಸಿರಾಡಿದೆ ಅಂತ ಮಾತ್ರ ಒಂದು ಸಾಲೂ ಇಲ್ಲ. ಯಾಕೆಂದರೆ ಅದನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ. ಬರೆಯದೇ ಇದ್ದವರು ಯಾರು? ಈಗ ದಾಖಲೆ ತೋರಿಸು ಅನ್ನುತ್ತಿರುವವರು ಯಾರು?

ನಿಯಮದ ಮಾತಿಗೆ ಬರುತ್ತೇನೆ. ಅಣ್ಣನಿಗೂ ನನಗೂ ಅನ್ವಯಿಸುವುದು 1982ರ ನಿಯಮಗಳು. ನಿಜ ಹೇಳಬೇಕೆಂದರೆ ಅವು ಒಳ್ಳೆಯ ಮನಸ್ಸಿನಿಂದ ಬರೆದ ನಿಯಮಗಳು. ಸೈನಿಕ ಸೇರುವಾಗ ಆರೋಗ್ಯವಾಗಿದ್ದ ಅಂತಲೇ ಹಿಡಿಯಬೇಕು. ಸೇರುವಾಗ ಬರೆದಿರದ ರೋಗ ಬಂದರೆ ಅದು ಸೇವೆಯಲ್ಲಿ ಬಂದದ್ದು ಅಂತ ತಿಳಿಯಬೇಕು. ಸಾಬೀತು ಮಾಡು ಅಂತ ಅವನನ್ನು ಕೇಳಬಾರದು. ಅನುಮಾನ ಇದ್ದರೆ ಅದರ ಲಾಭ ಅವನಿಗೇ. 2013ರ ಜುಲೈನಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಸೈನ್ಯದ ಸಿಗ್ನಲ್ಸ್ ಅನ್ನುವ ಸಂಪರ್ಕ ವಿಭಾಗದಲ್ಲಿದ್ದ ಸೈನಿಕ, ಫಿಟ್ಸ್ ಬಂದು ಮನೆಗೆ ಕಳಿಸಲ್ಪಟ್ಟವರು. ಸೇವೆಗೆ ಸಂಬಂಧ ಇಲ್ಲ ಅನ್ನುವ ಮೆಡಿಕಲ್ ಬೋರ್ಡು ಅದಕ್ಕೆ ಕಾರಣ ಕೊಡಬೇಕು ಅಂತ ಕೋರ್ಟು ಹೇಳಿತು.

ಆದರೆ ಇದೆಲ್ಲ ಸಮವಸ್ತ್ರದಲ್ಲಿ ಇರುವಾಗಲೇ ಬಿದ್ದವರಿಗೆ. ಬಿಟ್ಟು ಬಂದ ಮೇಲೆ ರೋಗ ಕಾಣಿಸಿಕೊಂಡರೆ? ಅದಕ್ಕೂ ಒಂದು ಕಲಮು ಇದೆ. ಸೇವೆಯಲ್ಲಿ ಹತ್ತಿದ ಬೀಜ ತಡವಾಗಿ ಮೊಳೆತದ್ದು ಅಂತ ವೈದ್ಯರು ಹೇಳಿದರೆ ಒಪ್ಪಬಹುದು. ಆದರೆ ಬಿಡುಗಡೆಯಾದ ಕೆಲವು ವರ್ಷಗಳೊಳಗೆ ಮೊಳೆಯಬೇಕು. ಆ ವರ್ಷಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕು. ಕಲ್ನಾರಿಗೆ ಈ ನಿಯಮ ಗೊತ್ತಿಲ್ಲ.

2008ರಿಂದ ಈಚೆಗೆ ಬಿಟ್ಟವರ ಕತೆ ಇನ್ನೂ ಬಿಗಿ. ಆ ವರ್ಷದ ನಿಯಮದ ಏಳನೇ ಕಲಮನ್ನು ದಯವಿಟ್ಟು ಒಮ್ಮೆ ನೀವೇ ಓದಿ. ಸಾಮಾನ್ಯವಾಗಿ ಸೈನಿಕ ಸಾಬೀತು ಮಾಡಬೇಕಿಲ್ಲ ಅಂತ ಶುರುವಾಗುತ್ತದೆ. ಆಮೇಲೆ ಒಂದು "ಆದರೆ". ಬಿಡುಗಡೆಯಾಗಿ 15 ವರ್ಷ ಕಳೆದ ಮೇಲೆ ಅರ್ಜಿ ಹಾಕಿದರೆ, ಆ ಹೊತ್ತಿಗೆ ಅವನ ದಾಖಲೆಗಳನ್ನು ಅವಧಿ ಮುಗಿಯಿತು ಅಂತ ನಾಶ ಮಾಡಿರುವುದರಿಂದ, ಸಾಬೀತು ಮಾಡುವ ಭಾರ ಅವನ ಮೇಲೆಯೇ. ನಾನು ಇದನ್ನು ಮೂರು ಸಲ ಓದಿದೆ. ದಾಖಲೆ ಇಡುವವರು ಅವರು. ಸುಡುವವರು ಅವರು. ಸುಟ್ಟ ಮೇಲೆ ತೋರಿಸಬೇಕಾದವನು ನಾನು. ರೋಗ 20 ವರ್ಷ ಕಾದು ಬರುತ್ತದೆ, ಪುಸ್ತಕ 15ಕ್ಕೇ ಮುಚ್ಚುತ್ತದೆ.

ಈಗ ಶೀಟು ಫ್ಯಾಕ್ಟರಿಯ ಕಾರ್ಮಿಕನನ್ನು ನೋಡಿ. ಡಾಕ್ಟರು ಮೊದಲು ಕೇಳಿದ್ದು ಅದನ್ನೇ ಅಲ್ವಾ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಖಾನೆಗಳ ಬಗ್ಗೆ ಒಂದು ತೀರ್ಪು ಕೊಟ್ಟಿತು. ಅಹಮದಾಬಾದಿನ ಒಂದು ಗ್ರಾಹಕ ಸಂಸ್ಥೆ ಹಾಕಿದ ಕೇಸು. ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಅವನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಇಡಬೇಕು, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ ಇಡಬೇಕು. ಎರಡರಲ್ಲಿ ಯಾವುದು ಆಮೇಲೆ ಮುಗಿಯುತ್ತದೋ ಅಲ್ಲಿವರೆಗೆ. ಜೊತೆಗೆ ವಿಮೆಯೂ ಕಡ್ಡಾಯ. ಈ ರೋಗ ತಡವಾಗಿ ಬರುತ್ತದೆ ಅಂತ ನ್ಯಾಯಾಧೀಶರಿಗೆ ಅರ್ಥವಾಗಿತ್ತು. ಅದು ಎಲ್ಲ ಕಾರ್ಖಾನೆಗಳಲ್ಲೂ ಸರಿಯಾಗಿ ಜಾರಿಯಾಗಿದೆ ಅಂತ ನಾನು ಹೇಳುವುದಿಲ್ಲ. ಆದರೆ ಕಾಗದದ ಮೇಲಾದರೂ ಅವನಿಗೆ ಹಕ್ಕಿದೆ. ಕಾರ್ಮಿಕರ ಪರಿಹಾರಕ್ಕೆ 1923ರಲ್ಲೇ ಒಂದು ಕಾನೂನು ಮಾಡಿದ್ದರು, 2025ರವರೆಗೆ ಅದೇ ಇತ್ತು. ಅದರಲ್ಲಿ ಯಾವ ಕೆಲಸಕ್ಕೆ ಯಾವ ರೋಗ ಅಂತ ಪಟ್ಟಿ ಇತ್ತು, ಪಟ್ಟಿಯಲ್ಲಿದ್ದರೆ ಕೆಲಸದಿಂದಲೇ ಬಂದದ್ದು ಅಂತ ಹಿಡಿಯುತ್ತಿದ್ದರು. ಕಲ್ನಾರಿನ ಧೂಳಿನಿಂದ ಬರುವ ಅಸ್ಬೆಸ್ಟೋಸಿಸ್ ಅದರಲ್ಲಿತ್ತು. ಸೈನಿಕನನ್ನು ಮಾತ್ರ ಆ ಕಾನೂನು ಹೊರಗಿಟ್ಟಿತ್ತು. ಅವನಿಗೆ ಬೇರೆ ವ್ಯವಸ್ಥೆ ಇದೆ ಅಂತ ಕಾರಣ. ಆ ಬೇರೆ ವ್ಯವಸ್ಥೆ ಏನು ಅಂತ ಮೇಲೆ ಹೇಳಿದೆನಲ್ಲ.

ಇನ್ನೊಂದು ಸಂಗತಿ ನೆನಪಿಗೆ ಬರುತ್ತದೆ. 2006ರ ಶುರುವಿನಲ್ಲಿ ಫ್ರಾನ್ಸಿನ ಹಳೆಯ ವಿಮಾನವಾಹಕ ಹಡಗು ಕ್ಲೆಮಾನ್ಸೋ ಒಡೆಯಲು ಗುಜರಾತಿನ ಅಲಂಗ್‌ಗೆ ಬರುತ್ತಿತ್ತು. ಅದರಲ್ಲಿ ಟನ್‌ಗಟ್ಟಲೆ ಕಲ್ನಾರಿದೆ, ನಮ್ಮ ಕೂಲಿಗಳ ಜೀವಕ್ಕೆ ಅಪಾಯ ಅಂತ ದೇಶವೆಲ್ಲ ಗದ್ದಲವಾಯಿತು. ಸುಪ್ರೀಂ ಕೋರ್ಟು ಹಡಗನ್ನು ನಮ್ಮ ನೀರಿಗೆ ಬಿಡಲಿಲ್ಲ. ಫೆಬ್ರವರಿಯಲ್ಲಿ ಫ್ರಾನ್ಸಿನ ಅಧ್ಯಕ್ಷರು ಅದನ್ನು ವಾಪಸು ಕರೆಸಿಕೊಂಡರು. ಆ ದಿನ ಅಣ್ಣನ ಮನೆಯ ಜಗಲಿಯಲ್ಲಿ ಕೂತು ಟಿವಿ ನೋಡುತ್ತಿದ್ದೆವು. "ಒಡೆಯುವವರಿಗೇ ಇಷ್ಟು ಅಪಾಯ ಅಂದ್ರೆ, ಅದರೊಳಗೆ ಉಂಡು ಮಲಗಿದವರಿಗೆ ಏನೋ ಮಾರಾಯಾ?" ಅಂದರು ಅಣ್ಣ, ನಗುತ್ತಾ. ನಾನೂ ನಕ್ಕೆ. ಆಗ ಆ ಎಳೆಗಳು ಅವರೊಳಗೆ ಕೂತು 20 ವರ್ಷ ದಾಟಿತ್ತು.

ಆಮೇಲೆ 2019ರಲ್ಲಿ ಹಡಗು ಒಡೆಯುವ ಕಾನೂನು ಬಂತು. ಪ್ರತಿ ಹಡಗೂ ತನ್ನ ಹೊಟ್ಟೆಯಲ್ಲಿ ಯಾವ ಅಪಾಯಕಾರಿ ವಸ್ತು ಎಲ್ಲಿದೆ ಅಂತ ಪಟ್ಟಿ ಇಟ್ಟುಕೊಳ್ಳಬೇಕು ಅಂತ ಹೇಳುವ ಒಳ್ಳೆಯ ಕಾನೂನು. ಯುದ್ಧನೌಕೆಗಳಿಗೆ ಅದು ಅನ್ವಯಿಸುವುದಿಲ್ಲ.

ಬೇರೆ ದೇಶದವರು ಏನು ಮಾಡಿದರು ಅಂತ ಎರಡು ಮಾತು. ಬ್ರಿಟನ್ನಿನ ಉದಾಹರಣೆ ನಮಗೆ ಹತ್ತಿರದ್ದು, ನಮ್ಮ ಹಳೆಯ ಉಗಿ ಹಡಗುಗಳಲ್ಲಿ ಬಹಳಷ್ಟು ಅವರದೇ ನಕ್ಷೆ. ಅಲ್ಲಿನ ಹಳೆಯ ನಾವಿಕರಲ್ಲೂ ಇದೇ ಮೆಸೊಥೆಲಿಯೋಮಾ. ಅಲ್ಲಿ ಕಾರ್ಖಾನೆಯವರಿಗೆ ದೊಡ್ಡ ಮೊತ್ತದ ಪರಿಹಾರ ಸಿಗುತ್ತಿತ್ತು, ನಾವಿಕರಿಗೆ ತಿಂಗಳ ಪೆನ್ಷನ್ ಮಾತ್ರ. ಒಂದು ವರ್ಷ ಬದುಕುವವನಿಗೆ ತಿಂಗಳ ಪೆನ್ಷನ್ ಎಷ್ಟು ಸಿಕ್ಕೀತು? ಗಲಾಟೆಯಾಯಿತು. 2016ರಿಂದ ಅವರಿಗೆ ಬೇಕಿದ್ದರೆ ಒಂದೇ ಗಂಟಾಗಿ 1.4 ಲಕ್ಷ ಪೌಂಡ್ ತೆಗೆದುಕೊಳ್ಳುವ ಅವಕಾಶ ಕೊಟ್ಟರು.

ಅಮೆರಿಕದವರು ಇನ್ನೊಂದು ಕೆಲಸ ಮಾಡಿದ್ದಾರೆ, ನನಗೆ ಇಷ್ಟವಾದದ್ದು ಅದು. ಅಲ್ಲಿನ ಮಾಜಿ ಸೈನಿಕರ ಇಲಾಖೆ ನೌಕಾಪಡೆಯ ಹುದ್ದೆಗಳ ಒಂದು ಪಟ್ಟಿ ಇಟ್ಟುಕೊಂಡಿದೆ. ಯಾವ ಹುದ್ದೆಯವನಿಗೆ ಕಲ್ನಾರು ತಗಲಿರುವ ಸಾಧ್ಯತೆ ಎಷ್ಟು ಅಂತ ಒಂದೊಂದರ ಮುಂದೆ ಬರೆದಿದೆ. ಬಾಯ್ಲರ್ ಕೆಲಸದವನ ಮುಂದೆ "ಬಹಳ ಜಾಸ್ತಿ". ಕಚೇರಿ ಕೆಲಸದವನ ಮುಂದೆ ಕಡಿಮೆ. ಅಷ್ಟೇ. ಹಡಗಿನ ಹಳೆಯ ಗಾಳಿಯನ್ನು ಬಾಟಲಿಯಲ್ಲಿ ಹಿಡಿದು ತಾ ಅಂತ ಯಾರನ್ನೂ ಕೇಳುವುದಿಲ್ಲ. ನೀನು ಯಾವ ಕೆಲಸದಲ್ಲಿದ್ದೆ ಅನ್ನುವುದೇ ದಾಖಲೆ. ನಮ್ಮ ಪುಸ್ತಕದಲ್ಲಿ ಹುದ್ದೆ ಇದೆ, ಹಡಗಿದೆ, ತಾರೀಕಿದೆ. ಇನ್ನು ಬೇಕಿರುವುದು ಆ ಪಟ್ಟಿ ಒಂದೇ.

ಅವರದ್ದು ದೊಡ್ಡ ಮನಸ್ಸು ಅಂತ ಹೊಗಳಲು ನಾನು ಕೂತಿಲ್ಲ. 1962ರಿಂದ 1971ರವರೆಗೆ ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಜಾಸ್ತಿ ಕಳೆನಾಶಕ ಸುರಿದರು. ಅದರಲ್ಲಿ ದೊಡ್ಡ ಪಾಲು ಡಯಾಕ್ಸಿನ್ ಎಂಬ ವಿಷ ಬೆರೆತ ಏಜೆಂಟ್ ಆರೆಂಜ್. ತಮ್ಮ ಸೈನಿಕರಿಗೆ ಅದರಿಂದಲೇ ರೋಗ ಬಂತು ಅಂತ ಹಿಡಿಯುವ ಕಾನೂನು ಮಾಡಿದ್ದು 1991ರಲ್ಲಿ. ದಡಕ್ಕೆ ಕಾಲಿಡದೆ ಹತ್ತಿರದ ಸಮುದ್ರದಲ್ಲೇ ಇದ್ದ ನಾವಿಕರನ್ನು ಸೇರಿಸಿದ್ದು 2019ರಲ್ಲಿ. ಅಷ್ಟರಲ್ಲಿ ಎಷ್ಟು ಜನ ಮಣ್ಣಾಗಿದ್ದರೋ. ಆ ವಿಷ ಬಿದ್ದ ಹಳ್ಳಿಗಳ ವಿಯೆಟ್ನಾಮಿಗಳು ಅಮೆರಿಕದ ಕೋರ್ಟಿಗೆ ಹೋದರೆ 2005ರಲ್ಲಿ ಕೇಸು ವಜಾ ಆಯಿತು. ಇರಾಕ್, ಅಫ್ಘಾನಿಸ್ತಾನದಲ್ಲಿ ಪ್ಲಾಸ್ಟಿಕ್ಕು, ಬ್ಯಾಟರಿ, ಆಸ್ಪತ್ರೆಯ ಕಸ ಎಲ್ಲವನ್ನೂ ಗುಂಡಿಯಲ್ಲಿ ಹಾಕಿ ವಿಮಾನದ ಇಂಧನ ಸುರಿದು ಸುಟ್ಟರು. ಆ ಹೊಗೆ ಕುಡಿದವರ ಅರ್ಜಿಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ತಿರಸ್ಕಾರ ಆದವು. ಕೊನೆಗೆ 2022ರ ಆಗಸ್ಟ್‌ನಲ್ಲಿ ಪ್ಯಾಕ್ಟ್ ಕಾಯ್ದೆ ಬಂತು. ಶ್ವಾಸಕೋಶದ ಕ್ಯಾನ್ಸರಿನಿಂದ 2020ರಲ್ಲಿ ತೀರಿಕೊಂಡ ಹೀತ್ ರಾಬಿನ್ಸನ್ ಎಂಬ ಸಾರ್ಜೆಂಟನ ಹೆಸರು ಅದಕ್ಕಿದೆ. ಇಪ್ಪತ್ತಕ್ಕೂ ಜಾಸ್ತಿ ಕಾಯಿಲೆಗಳನ್ನು ಪಟ್ಟಿಗೆ ಸೇರಿಸಿದರು. ಆ ಜಾಗದಲ್ಲಿ ಆ ಕಾಲದಲ್ಲಿ ಇದ್ದೆ ಅಂತ ತೋರಿಸಿದರೆ ಸಾಕು, ಹೊಗೆಯಿಂದಲೇ ಬಂತು ಅಂತ ಸಾಬೀತು ಮಾಡಬೇಕಿಲ್ಲ. ತಡವಾದರೂ ಪ್ರಶ್ನೆಯನ್ನು ತಿರುಗಿಸಿ ಕೇಳಲು ಕಲಿತರು.

ನಮ್ಮಲ್ಲಿ ಪ್ರಶ್ನೆ ಇನ್ನೂ ಹಳೆಯದೇ. ಸೈನ್ಯದವರಿಗೆಲ್ಲ "ನಾನಾ" ಅಂದರೆ ಗೊತ್ತು. ಮೆಡಿಕಲ್ ಬೋರ್ಡಿನವರು ಬರೆಯುವ ಇಂಗ್ಲಿಷ್ ಮಾತಿನ ಮೊದಲಕ್ಷರ ಸೇರಿಸಿ ಹುಟ್ಟಿದ ಪದ. ರೋಗ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಅಂತ ಅರ್ಥ. ಕನ್ನಡದಲ್ಲಿ ನಾನಾ ಅಂದರೆ ಬಗೆಬಗೆಯ ಅಂತ. ನಮ್ಮ ಮಾಜಿ ಸೈನಿಕರ ಸಭೆಗಳಲ್ಲಿ ಇದೊಂದು ಹಳೆಯ ಜೋಕು: "ನಾನಾ ರೋಗ, ಒಂದೇ ಉತ್ತರ." ನನ್ನ ಎಡಗಿವಿ ಎಂಜಿನ್ ರೂಮಿನ ಸದ್ದಿಗೆ ಹೋದದ್ದು. ಬಿಡುಗಡೆಯಾಗುವಾಗ ಬೋರ್ಡು ಅದಕ್ಕೂ ನಾನಾ ಬರೆಯಿತು. ನಾನು ಅದಕ್ಕೆ ಹೋರಾಡಲಿಲ್ಲ, ಬಲಗಿವಿ ಚೆನ್ನಾಗಿದೆ.

ಕಲ್ನಾರೊಂದೇ ಅಲ್ಲ, ಹೊಗೆಯ ಕತೆಯೂ ಇದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಬದುಕಿದ್ದು, ಆಮೇಲೆ ತೀರಿಕೊಂಡದ್ದು ಇಡೀ ಕರ್ನಾಟಕ ಅತ್ತ ಸುದ್ದಿ. ಅಲ್ಲಿನ ಹಿಮ ನಮಗೆಲ್ಲ ಗೊತ್ತು. ಹಿಮದೊಳಗಿನ ಗುಡಿಸಲಲ್ಲಿ ಹಗಲೂ ರಾತ್ರಿ ಉರಿಯುವ ಸೀಮೆಎಣ್ಣೆ ಬುಖಾರಿ ಒಲೆಯ ಮಸಿ ಎಷ್ಟು ಜನರಿಗೆ ಗೊತ್ತು? ಕಿಟಕಿ ತೆರೆದರೆ ಚಳಿಗೆ ಸಾಯಬೇಕು, ಮುಚ್ಚಿದರೆ ಹೊಗೆ ಕುಡಿಯಬೇಕು. ಅಲ್ಲಿಂದ ಇಳಿದ ಮೇಲೂ ಎಷ್ಟೋ ದಿನ ಉಗುಳು ಕಪ್ಪಗೇ ಬರುತ್ತಿತ್ತು ಅಂತ ಹೊನ್ನಾವರದ ಕಡೆಯ ಒಬ್ಬ ಹವಾಲ್ದಾರ್ ನನ್ನ ಹತ್ತಿರ ಹೇಳಿದ್ದಾರೆ. ಅವರ ಪುಸ್ತಕದಲ್ಲಿ ಎತ್ತರದ ಜಾಗದಲ್ಲಿ ಎಷ್ಟು ದಿನ ಇದ್ದರು ಅಂತ ಇದೆ, ಭತ್ಯೆಗೆ ಬೇಕಲ್ಲ. ಮಸಿಯ ಮಾತಿಲ್ಲ.

ಈಗಿನ ಹುಡುಗರ ವಿಷಯ ಇನ್ನೂ ಕಷ್ಟದ್ದು. 2022ರಿಂದ ಅಗ್ನಿವೀರರಾಗಿ ಸೇರುತ್ತಿದ್ದಾರೆ. ನಾಲ್ಕು ವರ್ಷ ಕೆಲಸ. ಹೆಚ್ಚೆಂದರೆ ನೂರಕ್ಕೆ 25 ಜನ ಉಳಿಯುತ್ತಾರೆ. ಹೊರಗೆ ಬಂದವರಿಗೆ ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಸೇವೆಯಲ್ಲಿರುವಾಗಲೇ ಅಂಗವೈಕಲ್ಯ ಆದರೆ ಪರಿಹಾರ ಇಟ್ಟಿದ್ದೀರಿ, ಸರಿ. ಆದರೆ ಹಡಗಿನ ತೊಟ್ಟಿಯೊಳಗೆ ಬಗ್ಗಿ ಪೇಂಟ್ ಕೆರೆದ ಹುಡುಗ, ವಿಮಾನದ ಇಂಧನದ ಆವಿಯಲ್ಲಿ ನಿಂತ ಹುಡುಗ, ಬೆಂಕಿ ನಂದಿಸುವ ನೊರೆಯಲ್ಲಿ ಮುಳುಗೆದ್ದ ಹುಡುಗ 23ಕ್ಕೆ ಮನೆಗೆ ಬರುತ್ತಾನೆ. ಅವನಿಗೆ ರೋಗ ಬರುವುದು 50ಕ್ಕೆ. ಅಣ್ಣನಿಗೆ ಕಡೇ ಪಕ್ಷ ಇಸಿಎಚ್‌ಎಸ್ ಕಾರ್ಡು ಇತ್ತು. ಈ ಹುಡುಗ ಯಾವ ಕಾರ್ಡು ತೋರಿಸಬೇಕು?

ಅಂಗವೈಕಲ್ಯ ಪೆನ್ಷನ್ ದುರ್ಬಳಕೆ ಆಗುತ್ತಿದೆ ಅನ್ನುವ ಮಾತು 2023ರಲ್ಲಿ ಹೊಸ ನಿಯಮ ಬಂದಾಗ ಜೋರಾಗಿ ಕೇಳಿಸಿತು. ಬಿಪಿ, ಶುಗರ್ ತೋರಿಸಿ ನಿವೃತ್ತಿಯ ವರ್ಷ ಪೆನ್ಷನ್ ಏರಿಸಿಕೊಳ್ಳುತ್ತಾರೆ ಅಂದರು. ಅಂಥವರು ಇಲ್ಲವೇ ಇಲ್ಲ ಅಂತ ನಾನು ಎದೆ ತಟ್ಟಿ ಹೇಳಲಾರೆ. ಆದರೆ ನಾನು ಕೇಳುತ್ತಿರುವ ಪಟ್ಟಿ ಬಂದರೆ ಸುಳ್ಳು ಅರ್ಜಿಗೂ ಕಡಿವಾಣ ಬೀಳುತ್ತದೆ. ಬಾಯ್ಲರ್ ರೂಮು ನೋಡದವನು ಬಾಯ್ಲರ್ ರೂಮಿನ ರೋಗ ಕೇಳಲು ಆಗುವುದಿಲ್ಲ. ಮೆಸೊಥೆಲಿಯೋಮಾವನ್ನು ನಟಿಸಿ ತೋರಿಸಲೂ ಆಗುವುದಿಲ್ಲ.

ಹಾಗಾಗಿ, ಸಚಿವರೇ, ಹುದ್ದೆ ಮತ್ತು ಜಾಗದ ಪ್ರಕಾರ ಒಂದು ಪಟ್ಟಿ ಮಾಡಿಸಿ. ಉಗಿ ಹಡಗಿನ ಸ್ಟೋಕರಿಗೆ ಕಲ್ನಾರು, ಹಿಮದ ಪೋಸ್ಟಿನವನಿಗೆ ಸೀಮೆಎಣ್ಣೆ ಮಸಿ, ಹೀಗೆ. ವೈದ್ಯರನ್ನು ಕೂರಿಸಿ, ಜೊತೆಗೆ ಆ ಕೆಲಸ ಮಾಡಿದ ನಾಲ್ಕು ಹಳಬರನ್ನೂ ಕೂರಿಸಿ. ಧೂಳು ಎಲ್ಲಿತ್ತು ಅಂತ ಅವರು ತೋರಿಸುತ್ತಾರೆ. ತಡವಾಗಿಯೇ ಬರುವ ರೋಗ ಅಂತ ವೈದ್ಯಶಾಸ್ತ್ರ ಒಪ್ಪಿದ ಕಡೆ ವರ್ಷದ ಗಡುವು ತೆಗೆಯಿರಿ. 15 ವರ್ಷ ಕಳೆದರೆ ಭಾರ ಸೈನಿಕನದು ಅನ್ನುವ ಆ "ಆದರೆ"ಯನ್ನು ಅಳಿಸಿ. ದಾಖಲೆಗಳು ಈಗ ಕಂಪ್ಯೂಟರಿನಲ್ಲೇ ಇರುತ್ತವೆ, ಸುಡುವ ಅಗತ್ಯ ಏನಿದೆ? ಕಾರ್ಖಾನೆಯವನಿಗೆ 40 ವರ್ಷ ಇಡಬಹುದಾದರೆ ನಾವಿಕನಿಗೂ ಇಡಬಹುದು. ಇಂದು ಹಡಗು ಹತ್ತುವ ಹುಡುಗನ ಪುಸ್ತಕದಲ್ಲಿ ಒಂದು ಅಂಕಣ ಸೇರಿಸಿ, ಅವನು ಅಗ್ನಿವೀರನೇ ಆಗಿರಲಿ. ಬಿಟ್ಟು ಹೋಗುವಾಗ ಅದರ ಪ್ರತಿ ಅವನ ಕೈಗೆ ಕೊಡಿ.

ಅಣ್ಣನ ಹೆಂಡತಿಗೆ ಈಗ ಬರುತ್ತಿರುವುದು ಸಾಮಾನ್ಯ ಕುಟುಂಬ ಪಿಂಚಣಿ. ಕೊನೆಯ ಸಂಬಳದ ನೂರಕ್ಕೆ 30. ಸಾವು ಸೇವೆಯಿಂದ ಬಂದದ್ದು ಅಂತ ಒಪ್ಪಿದರೆ ಸಿಗುವ ವಿಶೇಷ ಪಿಂಚಣಿ ನೂರಕ್ಕೆ 60. ಮೇಲ್ಮನವಿ ಹಾಕೋಣ, ಟ್ರಿಬ್ಯುನಲ್ಲಿಗೆ ಹೋಗೋಣ ಅಂತ ನಾನು ಅನ್ನುತ್ತೇನೆ. "ನಂಗೆ ಅಷ್ಟು ತಿರುಗಾಟ ಆಗೂದಿಲ್ಲ ತಮಾ" ಅನ್ನುತ್ತಾರೆ. ವಯಸ್ಸು 60 ದಾಟಿದೆ, ಮಂಡಿ ನೋವು.

ಕಳೆದ ತಿಂಗಳು ಹೋದಾಗ ಅತ್ತಿಗೆ ಬೇರೆ ಒಂದು ವಿಷಯ ಎತ್ತಿದರು. ಮುಂಬಯಿಯ ಕ್ವಾರ್ಟರ್ಸ್‌ನಲ್ಲಿದ್ದ ಏಳು ವರ್ಷ ಅಣ್ಣನ ನೀಲಿ ಓವರಾಲನ್ನು ಅವರೇ ಒಗೆಯುತ್ತಿದ್ದರು. ನೆನೆಸುವ ಮೊದಲು ಬಾಲ್ಕನಿಯಲ್ಲಿ ಜೋರಾಗಿ ಕೊಡವುತ್ತಿದ್ದರಂತೆ, ಬಿಳಿ ಪುಡಿ ಹೋಗಲಿ ಅಂತ. ಮಗ ಅಲ್ಲೇ ಕಾಲ ಬಳಿ ಆಡುತ್ತಿದ್ದ. ಕಲ್ನಾರಿನ ಕೆಲಸದವರ ಬಟ್ಟೆ ಒಗೆದ ಹೆಂಡತಿಯರಿಗೂ ಇದೇ ಕ್ಯಾನ್ಸರ್ ಬಂದದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ. ಇದನ್ನು ನಾನು ಅವರಿಗೆ ಹೇಳಿರಲಿಲ್ಲ. ಮಗನೇ ಎಲ್ಲೋ ಓದಿ ಹೇಳಿದ್ದಾನೆ. ಈಗ ಇಬ್ಬರೂ ವರ್ಷಕ್ಕೊಮ್ಮೆ ಎದೆ ಎಕ್ಸ್‌ರೇ ತೆಗೆಸಬೇಕಾ ಅಂತ ಕೇಳುತ್ತಿದ್ದಾರೆ.

ಅತ್ತಿಗೆಯ ಕಬ್ಬಿಣದ ಟ್ರಂಕಿನಲ್ಲಿ ಅಣ್ಣನ ಒಂದು ಓವರಾಲ್ ಇನ್ನೂ ಇದೆ. ನೆನಪಿಗೆ ಅಂತ ಇಟ್ಟುಕೊಂಡದ್ದು, ಬಿಡುಗಡೆಯ ದಿನ ಹಾಕಿದ್ದು, ಒಗೆದಿಲ್ಲ. ಟ್ರಂಕಿನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು, "ಇದನ್ನ ಏನು ಮಾಡ್ಲಿ ತಮಾ, ಸುಡ್ಲಾ, ಹುಗೀಲಾ?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಟ್ರಂಕು ತೆಗೆಯಬೇಡಿ ಅಂತಷ್ಟೇ ಹೇಳಿ ಬಂದೆ. ನಿಮ್ಮ ಇಲಾಖೆಯಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ ತಿಳಿಸಲು ಹೇಳಿ.

ಇಂತಿ,
ಒಬ್ಬ ನಿವೃತ್ತ ಸ್ಟೋಕರ್
ಅಂಕೋಲಾ, ಉತ್ತರ ಕನ್ನಡ